ಮಾವ ಹೇಳಿದ ಸೀರಿಯಸ್

ಒದ್ದೆ ಬೂದಿಯ ವಾಸನೆಗೆ ಈಗಲೂ ನನಗೆ ನಮ್ಮೂರು ಮಕ್ತಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟಕ್ಕಾಗಿ ಬಸ್ಸುಗಳು ಬಂದ್ ಆಗಿದ್ದವು. ಗದ್ವಾಲದಿಂದ ಸೋದರಮಾವ ಫೋನ್ ಮಾಡಿ, ಅವ್ವನ ಅತ್ತೆಯಾದ ನಮ್ಮ ಅಜ್ಜಿಗೆ, "ನಮ್ಮಪ್ಪಗ ಸೀರಿಯಸ್ ಐತ್ರಿ, ಅಕ್ಕನ್ನ ಹೆಂಗರ ಮಾಡಿ ಕಳಸ್ರಿ" ಅಂದನಂತೆ.

ಸೀರಿಯಸ್ ಆಗಿ ಓದು ಅಂತ ಮೇಷ್ಟ್ರು ದಿನಾ ಬೈಯುತ್ತಿದ್ದರು. ಗ್ಲೂಕೋಸ್ ಏರಿಸಿದರೆ ವಾಸಿಯಾಗುವ ಆಸ್ಪತ್ರೆಯ ಸೀರಿಯಸ್ಸೂ ನನಗೆ ಗೊತ್ತಿತ್ತು.

ಅಜ್ಜಿ ಬೇಳೆ ಇಳಿಸಿ, ಉರಿಯುವ ಒಲೆಗೆ ಚೊಂಬು ನೀರು ಸುರಿದಳು. "ಇವತ್ತ ಒಲಿ ಉರೀಬಾರ್ದು. ನಿಮ್ಮವ್ವಗ ಹೇಳಬ್ಯಾಡ" ಅಂದಳು.

ಒಳಗೆ ಸೀರೆ ಬದಲಿಸುತ್ತಿದ್ದ ಅವ್ವ, "ಮೋಸಂಬಿ ಇಟಗೋ, ಅಪ್ಪಗ ರಸ ತಗದು ಕುಡಸ್ತೀನಿ" ಎಂದು ಕೂಗಿದಳು.

ಅಜ್ಜಿ ಒದ್ದೆ ಕೈಯಲ್ಲೇ ಬುಟ್ಟಿ ತಡಕಾಡಿ, ರಸ ತುಂಬಿದ ನಾಲ್ಕು ಹಣ್ಣು ಆರಿಸಿ, ಅವ್ವನ ಜೊತೆ ಹೊರಟಿದ್ದ ನನ್ನ ಚೀಲಕ್ಕೆ ಹಾಕಿದಳು.