ಗಾಳಿಯಲ್ಲಿದ್ದಷ್ಟು ಹೊತ್ತು

ಕ್ಯಾಮೆರಾ ಅಂಗಡಿಯ ಮೆಟ್ಟಿಲಿನಿಂದ ತಂಗಿಯ ಸೈಕಲ್ ಹಾರಿದ ಕ್ಷಣವೇ ಅಕ್ಕ ಕೈಲಿದ್ದ ಕ್ಯಾಮೆರಾದ ಗುಂಡಿ ಒತ್ತಿ ಹಿಡಿದಳು. “ಹಳೇದಾದ್ರೇನು, ಸೆಕೆಂಡಿಗೆ ಹತ್ತು ಫೋಟೊ! ನಿಮ್ಮ ದುಡ್ಡಿಗೆ ಇದಕ್ಕಿಂತ ಚುರುಕಾದ ಕ್ಯಾಮೆರಾ ಸಿಗಲ್ಲ,” ಎಂದ ಅಂಗಡಿಯವನು.

ಅಕ್ಕ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಚಕ್ರ ಮೇಲೆದ್ದಾಗಿನಿಂದ ನೆಲ ಮುಟ್ಟುವವರೆಗೆ, ಎಲ್ಲದರಲ್ಲೂ ತಂಗಿಯ ಕಣ್ಣು ಬಿಗಿಯಾಗಿ ಮುಚ್ಚಿತ್ತು. ನಾಳೆ ಸ್ಪರ್ಧೆಯಲ್ಲಿ ಅವಳು ಹಾರಬೇಕಾದದ್ದು ಎರಡಾಳೆತ್ತರದ ದಿಬ್ಬದಿಂದ.

“ಯಾಕಕ್ಕಾ, ದೆವ್ವ ಕಂಡೋರ ಹಾಗೆ ನಿಂತ್ಬಿಟ್ಟೆ?” ನಗುತ್ತಾ ಬಂದ ತಂಗಿ ಪರದೆಗೆ ಬಗ್ಗಿದಳು. ನಗು ಅಲ್ಲೇ ನಿಂತಿತು.

“ಯಾವತ್ತಿಂದ ಹೀಗೆ?” ಅಕ್ಕ ಕೇಳಿದಳು.

ತಂಗಿ ಅಕ್ಕನ ಬೆರಳುಗಳಿಂದ ಕ್ಯಾಮೆರಾವನ್ನು ಮೆಲ್ಲಗೆ ಬಿಡಿಸಿ ಗಾಜಿನ ಮೇಜಿನ ಮೇಲಿಟ್ಟಳು. “ಇದು ಬೇಡ ಅಣ್ಣಾ,” ಎಂದಳು ಅಂಗಡಿಯವನಿಗೆ. “ಸ್ವಲ್ಪ ನಿಧಾನದ್ದು ಇದ್ರೆ ಕೊಡಿ.”