ಕ್ಯಾಲಿಪರಿನ ಅಂಚು

ಕಾದ ಪ್ಲಾಸ್ಟಿಕ್ಕಿನ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ಭಾಲ್ಕಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಹನ್ನೆರಡು ವರ್ಷ. ಶಕ್ತಿಯಿಲ್ಲದ ಎಡಗಾಲಿಗೆ ಆಸರೆಯಾಗಿ ಹೊಸ ಪ್ಲಾಸ್ಟಿಕ್ ಕ್ಯಾಲಿಪರ್ ಬಂದಿತ್ತು. ಅದರ ಅಂಚು ಉಜ್ಜಿ ಹಿಮ್ಮಡಿಯ ಮೇಲಿನ ಚರ್ಮ ಕೆಂಪಾಗಿ ಸುಲಿದಿತ್ತು. ಮಾಡಿಕೊಟ್ಟವರು, "ಹಾಕ್ಕೋತ ಹೋದಂಗ ರೂಢಿ ಆಗ್ತದ" ಎಂದು ಕಳಿಸಿಬಿಟ್ಟಿದ್ದರು.

ಅವ್ವ ಮನೆಯ ಮುಂದೆಯೇ ಮಿಕ್ಸರ್ ರಿಪೇರಿ ಮಾಡುತ್ತಿದ್ದಳು. ನಾನು ಕ್ಯಾಲಿಪರ್ ಬಿಚ್ಚಿ ಅವಳ ಮೇಜಿನ ಮೇಲಿಟ್ಟು, "ಈ ಅಂಚು ನಾನೇ ಕೊಯ್ತೇನಿ" ಎಂದೆ.

ಅಲ್ಲೇ ಕೂತಿದ್ದ ಕಾಕಾ ಗದರಿದರು. "ಹುಚ್ಚಿ ಇದ್ದೀ ಏನ? ಬೆರಳು ಹೋಗ್ತಾವ. ಸುಮ್ಮ ಕೂಡು."

"ಕಾಲು ನಂದು ಅದರಿ ಕಾಕಾ. ಸುಮ್ಮ ಕೂತು ಕೂತು ಸಾಕಾಗ್ಯದ."

ಅವ್ವ ನನ್ನ ಜಡೆ ಎತ್ತಿ ಕಟ್ಟಿ, ಓಢಣಿ ತೆಗೆಸಿ, ಮೂಗಿಗೆ ಮಾಸ್ಕು, ಕಣ್ಣಿಗೆ ತನ್ನ ಕೆಲಸದ ಕನ್ನಡಕ ಹಾಕಿದಳು. ಪೆನ್ಸಿಲಿನಿಂದ ಗೆರೆ ಎಳೆದು, ಕ್ಯಾಲಿಪರನ್ನು ಮೇಜಿಗೆ ಬಿಗಿದು, ಅಂಚು ಉಜ್ಜಿ ಸವೆಸುವ ಸಣ್ಣ ಗ್ರೈಂಡರನ್ನು ನನ್ನ ಕೈಗಿತ್ತಳು. "ಎರಡೂ ಕೈಲೆ ಹಿಡಿ. ಒತ್ತಬ್ಯಾಡ, ಒತ್ತಿದ್ರ ಕರಗ್ತದ. ನಡುನಡುವ ಬಿಡು, ಆರ್ಲಿ."

ಬಿಳಿ ಪುಡಿ ಹಿಟ್ಟಿನಂತೆ ಮೊಣಕೈತನಕ ಮೆತ್ತಿಕೊಂಡಿತು. ಒಮ್ಮೆ ಜೋರಾಗಿ ಒತ್ತಿಬಿಟ್ಟೆ. ಅಂಚು ಕರಗಿ ಹೊಗೆ ಎದ್ದಿತು. ಕಾಕಾ ಎದ್ದು ನಿಂತು, "ಸಾಕು, ಕೆಳಗಿಡು" ಎಂದರು. ನಾನು ಗ್ರೈಂಡರ್ ಬಂದ್ ಮಾಡಿದೆ, ಆದರೆ ಕೆಳಗಿಡಲಿಲ್ಲ. ಪ್ಲಾಸ್ಟಿಕ್ ಆರಿದ ಮೇಲೆ ಮತ್ತೆ ಶುರು ಮಾಡಿದೆ.

ಅಂಚು ದುಂಡಗಾಯಿತು. ಅವ್ವ ಅದರ ಮೇಲೆ ಹೆಬ್ಬೆರಳು ಆಡಿಸಿ ನೋಡಿ ತಲೆಯಾಡಿಸಿದಳು. ಕಾಲುಚೀಲ ಹಾಕಿ, ಕ್ಯಾಲಿಪರ್ ಕಟ್ಟಿಕೊಂಡು, ಕುಂಟುತ್ತಲೇ ಬೀದಿಗಿಳಿದೆ.

"ಎಲ್ಲಿಗಿ ಹೊಂಟಿ?" ಎಂದು ಕಾಕಾ ಕೂಗಿದರು.

"ಬಜಾರಕ್ಕ," ಎಂದೆ. "ನಿಮಗೇನರ ತರ್ಬೇಕೇನ್ರಿ?"