ಹೆಸರಿನ ಜಾಗ

ಬಸವಕಲ್ಯಾಣದ ವೇದಿಕೆಯ ಹಿಂದೆ ಆಮ್ರಪಾಲಿ ನೀರು ಕುಡಿಯುತ್ತಿದ್ದಳು. ಮುಂದೆ ಜನ ಕೂಗುತ್ತಿದ್ದರು. ಹಾಡುವವಳು ಅವಳಾದರೂ ಕೂಗುತ್ತಿದ್ದುದು ಅವಳ ಹೆಸರನ್ನಲ್ಲ. “ವೈಜಿನಾಥ! ವೈಜಿನಾಥ!” ಆ ಹೆಸರಿನ ಹಾಡು ಕೇಳದೆ ಈ ಜನ ಮನೆಗೆ ಹೋಗುವವರಲ್ಲ. ಅಷ್ಟರಲ್ಲಿ ಬಿಳಿ ಟೋಪಿಯ ಮುದುಕನೊಬ್ಬ ಕೈಚೀಲ ಹಿಡಿದು ಪರದೆ ಸರಿಸಿ ಒಳಗೆ ಬಂದ.

“ಜೈಭೀಮ್ ಅವ್ವಾ. ನಾ ನಿರ್ಣಾ ಊರಿನಾಂವ. ವೈಜಿನಾಥ.”

ಆಮ್ರಪಾಲಿಗೆ ನೀರು ನೆತ್ತಿಗೆ ಹತ್ತಿತು. ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅವ್ವನ ಒಬ್ಬನೇ ಅಣ್ಣ. ಅವ್ವ ತಾನು ಮೆಚ್ಚಿದವನನ್ನು ಮದುವೆಯಾದ ದಿನ ಜಗಳವಾಡಿ ಹೋದವನು ಮತ್ತೆ ಹೊಸ್ತಿಲು ತುಳಿದಿರಲಿಲ್ಲ.

“ಮಾಮಾ... ನೀವು ಇಲ್ಲಿ?”

“ಏನ್ ಮಾಡ್ಲವ್ವಾ, ಊರಾಗ ತಲಿ ಎತ್ತಿ ಅಡ್ಡ್ಯಾಡಂಗಿಲ್ಲ. ಟ್ರ್ಯಾಕ್ಟರಿನಾಗ ನನ್ನ ಹೆಸರ, ಮದುವಿ ಡಿಜೆನಾಗ ನನ್ನ ಹೆಸರ. ನನ್ನ ನೋಡಿದ್ರ ಸಾಕು, ಹುಡುಗ್ರು ಮೊಬೈಲಿನಾಗ ಹಾಡ ಹಚ್ಚತಾರ. ಮದಲ ಸಿಟ್ಟು ಬಂತು. ಆಮ್ಯಾಲ ತಿಳೀತು, ತಂಗಿ ಕರಿಯಾಕತ್ತಾಳಂತ. ಹಾಡಿನಾಗ ಹೆಸರಿಟ್ಟು ಕರದ ಮ್ಯಾಲ ಅಣ್ಣಾದಾಂವ ಹ್ಯಾಂಗ ಸುಮ್ಮ ಕುಂದರತಾನ? ಸೀರಿ ತಂದೀನಿ ನೋಡು.”

ಆಮ್ರಪಾಲಿಗೆ ಗೊತ್ತಿತ್ತು: ಕರೆದದ್ದು ತಂಗಿಯಲ್ಲ.

ಅದು ಅವಳ ಅವ್ವ ಸೋನುಬಾಯಿ ರಾಜೇಶ್ವರದ ಮನೆಯಲ್ಲಿ ಬೀಸುಕಲ್ಲಿನ ಮುಂದೆ ಕೂತು ತೊಗರಿ ಒಡೆಯುವಾಗ ಹೇಳುತ್ತಿದ್ದ ಹಾಡು. ಅಣ್ಣನ ಹೆಸರನ್ನು ತಂಗಿ ಮಾತಿನಲ್ಲಿ ಹಿಡಿಯಬಾರದು. ಬೀಸುವ ಹಾಡಿನಲ್ಲಿ ಹಿಡಿಯಬಹುದು. ಹಿಡಿದರೆ ಅದು ಬಾ ಎಂಬ ಕರೆ. ಸೋನುಬಾಯಿ ಮಾತ್ರ ಹೆಸರಿನ ಜಾಗ ಬಂದಾಗ ತುಟಿ ಮುಚ್ಚಿ, ಗುಣುಗಿ ದಾಟಿಬಿಡುತ್ತಿದ್ದಳು. ಎಂಥ ಸಿಟ್ಟಪ್ಪಾ ಇವಳದು ಎಂದು ಓಣಿಯವರು ನಗುತ್ತಿದ್ದರು. ಜಯಂತಿ, ಮದುವೆ, ತೊಟ್ಟಿಲು ಎಂದು ಕರೆದಲ್ಲಿ ಹಾಡುತ್ತಿದ್ದ ಆಮ್ರಪಾಲಿ ಆ ಹಾಡನ್ನು ಹುಮನಾಬಾದಿನ ಸ್ಟುಡಿಯೋಕ್ಕೆ ಒಯ್ದಳು. ರೆಕಾರ್ಡಿಂಗ್ ಮಾಡುವ ನಸೀರ್ ಹೆಡ್‌ಫೋನ್ ತೆಗೆದು ನಕ್ಕ. “ಅಕ್ಕಾ, ಗುಣುಗಿದ್ರ ಯಾರ್ ಕುಣೀತಾರ್ರಿ? ಒಂದ್ ಹೆಸರ ಹಾಕ್ರಿ.” ಅವಳು ಮಾಮನ ಹೆಸರು ಹಾಕಿದಳು. ಅವನು ಡಿಜೆ ಬಡಿತ ಹಾಕಿದ. ಹಾಡು ಉದಗೀರ, ಜಹೀರಾಬಾದ್ ದಾಟಿ ಹೈದರಾಬಾದಿಗೂ ಹೋಯಿತು. ಟಂಟಂ ಆಟೋ ಹತ್ತಿ ಹೋಗುತ್ತಿದ್ದವಳ ಮನೆಮುಂದೆ ಕಾರು ಬಂದು ನಿಲ್ಲತೊಡಗಿತು. ಅವ್ವ ಬೈಯಲಿಲ್ಲ, ಹೊಗಳಲೂ ಇಲ್ಲ. ಗುಣುಗುವುದನ್ನೇ ಬಿಟ್ಟಳು. ಹೆಸರು ಹಾಕಿದ್ದಕ್ಕೆ ಅವ್ವನಿಗೆ ಸಿಟ್ಟು ಬಂದಿದೆ ಎಂದೇ ಆಮ್ರಪಾಲಿ ತಿಳಿದಿದ್ದಳು. ಅಂಥ ಅವ್ವ ಇವತ್ತು ಮೊದಲ ಸಲ ಕಾರ್ಯಕ್ರಮಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಯಾಕೆ ಬಂದೆ ಎಂದು ಕೇಳುವ ಧೈರ್ಯ ಮಗಳಿಗಿಲ್ಲ.

ನಸೀರ್ ಪರದೆಯೊಳಗೆ ತಲೆ ಹಾಕಿದ. “ಅಕ್ಕಾ, ಜಲ್ದಿ ಬರ್ರಿ! ಮಂದಿ ಕುರ್ಚಿ ಎತ್ತಾಕತ್ತದ.”

ಹೋದಳು. ಹೆಸರು ಹಾಡಿದರೆ ಅವ್ವ ಎದ್ದು ಹೋಗಬಹುದು. ಹಾಡದಿದ್ದರೆ ಹಿಂದಿರುವ ಮುದುಕ ಸೀರೆ ಸಮೇತ ನಿರ್ಣಾದ ಬಸ್ಸು ಹಿಡಿಯುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕವಳಿಗೆ ತಾಳ ಎಲ್ಲಿ ಕೇಳಬೇಕು?

“ತೊಗರಿ ಒಡಿಯೂದು ಮುಗದಿಲ್ಲ, ತಲಬಾಗಿಲ ದಾಟಿ ಬಂದಾನ ನನ್ನಣ್ಣ...” ಆ ಜಾಗ ಬಂತು. ಬಾಯಿ ತಾನಾಗಿ ಮುಚ್ಚಿತು. ಅವ್ವನ ಹಾಗೆಯೇ ಗುಣುಗಿದಳು. ಜನಕ್ಕೇನು, ಇದೊಂದು ಹೊಸ ಆಟ ಎಂದುಕೊಂಡು ಆ ಜಾಗವನ್ನು ತಾವೇ ತುಂಬಿದರು: “ವೈಜಿನಾಥ!” ಆಮ್ರಪಾಲಿ ಮುಂದಿನ ಸಾಲು ನೋಡಿದಳು. ಅವ್ವನ ಕುರ್ಚಿ ಖಾಲಿ.

ಹೇಗೋ ಹಾಡು ಮುಗಿಸಿ ಹಿಂದಕ್ಕೆ ಓಡಿದಳು. ಸೋನುಬಾಯಿ ಪರದೆಯ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಯಾಕ ನುಂಗಿದಿ? ನನ್ನ ಬಾಯಾಗ ಬರಬಾರದ ಹೆಸರ ನಿನ್ನ ಬಾಯಾಗ ಬಂತಂತ ನಾ ಗುಣುಗೂದು ಬಿಟ್ನಿ. ಅದನ್ನ ಕಿವಿಲೆ ಕೇಳಬೇಕಂತ ಇಲ್ಲೀತನ ಬಂದರ...”

ಆಗ ಅವಳ ಕಣ್ಣಿಗೆ ಮೂಲೆಯಲ್ಲಿದ್ದ ಮುದುಕ ಬಿದ್ದ. ಅವನು ಸೀರೆ ಮುಂದೆ ಚಾಚಿದ.

“ನೀ ಕರದಿ, ಬಂದೀನಿ.”

“ನಾ ಕರದಿಲ್ಲ.”

ಚಾಚಿದ ಕೈ ಹಾಗೆಯೇ ನಿಂತಿತು. ಆಮ್ರಪಾಲಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಮಾಮಾ, ಹೆಸರ ಹಾಕಿದಾಕಿ ನಾನ್ರಿ...”

ಸೋನುಬಾಯಿ ಕೈ ಅಡ್ಡ ಹಿಡಿದು ಮಗಳನ್ನು ತಡೆದಳು. “ನನ್ನ ಹೆಸರ ಇನ್ನ ನಿನ್ನ ಬಾಯಾಗ ಬರಬಾರದು ಅಂದು ಹೋದೆಲ್ಲಣ್ಣಾ, ಮರತೇನು? ನಾ ಮರತಿಲ್ಲ. ಹಾಡಿನಾಗ ಸೈತ ತಂದಿಲ್ಲ.”

ಎಲ್ಲರೂ ಸಿಟ್ಟು ಎಂದುಕೊಂಡಿದ್ದು ಸಿಟ್ಟಾಗಿರಲಿಲ್ಲ. ವೈಜಿನಾಥ ಟೋಪಿ ತೆಗೆದು ಮುಖ ಒರೆಸಿಕೊಂಡ.

“ಸಿಟ್ಟಿನಾಗ ಅಂದಿದ್ನೆವ್ವಾ. ಅದನ್ನ ಇಲ್ಲೀತನಾ ನಡಸಬೇಕೇನು? ಈಗ ನಾನ ಹೇಳಾಕತ್ತೀನಿ. ಒಮ್ಮಿ ಅನ್ನು.”

ಸೋನುಬಾಯಿ ಸೆರಗು ಸರಿಮಾಡಿಕೊಂಡಳು. ಹಾಡಿನ ಸಾಲು ಎತ್ತಿಕೊಂಡಳು. ‘ನನ್ನಣ್ಣ’ ಎನ್ನುವವರೆಗೆ ದನಿ ಸರಿಯಾಗಿಯೇ ಬಂತು. ಮುಂದಿನ ಮಾತಿಗೆ ತುಟಿಗಳು ತಾವಾಗಿ ಮುಚ್ಚಿಕೊಂಡವು. ಗುಣುಗಷ್ಟೇ ಬಂತು. ಗಾಬರಿಯಾಗಿ ಅಣ್ಣನ ಮುಖ ನೋಡಿದಳು, ಮತ್ತೊಮ್ಮೆ ಹಾಡಿದಳು. ಮತ್ತೆ ಅದೇ ಗುಣುಗು.

ಪರದೆಯಾಚೆ ಜನ ಇನ್ನೂ ಕೂಗುತ್ತಿದ್ದರು: “ವೈಜಿನಾಥ! ವೈಜಿನಾಥ!”